ಸಮುದ್ರದಾಚೆಗೆ ಹೋದ ಬುತ್ತಿ

ಪಾರ್ಸೆಲ್ ಕೋಣೆಗೆ ಹೊಸದಾಗಿ ಸೇರಿದವರಿಗೆ ತೂಕ, ದರ, ಚೀಟಿ ಅಂಟಿಸುವುದು ಇವನ್ನೆಲ್ಲ ಯಾರಾದರೂ ಕಲಿಸುತ್ತಾರೆ. ವಾಸನೆಯನ್ನು ಯಾರೂ ಕಲಿಸುವುದಿಲ್ಲ. ವಿಜಾಪುರ ಸ್ಟೇಶನ್ನಿನ ಪಾರ್ಸೆಲ್ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತರೂ ಅದು ಯಾವ ಕಾಲ ಎಂದು ನನಗೆ ತಿಳಿಯುತ್ತಿತ್ತು. ಚಳಿಯಲ್ಲಿ ಹಸಿ ಕಡಲೆಗಿಡ, ಬೇಸಿಗೆಯಲ್ಲಿ ನಿಂಬೆಹಣ್ಣು, ಮಳೆಯಲ್ಲಿ ಒದ್ದೆ ಗೋಣಿತಟ್ಟು. ಒಂದು ಡಬ್ಬಿ ತನ್ನದಲ್ಲದ ವಾಸನೆ ಬೀರಿದರೆ ಒಳಗೆ ಏನೋ ತಪ್ಪಾಗಿದೆ ಎಂದೇ ತಿಳಿಯಬೇಕು. ಇದನ್ನು ನಾನು ಕಲಿತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಿಕೋಟಾದ ಹೆಂಗಸರಿಂದ. ಆ ಕಥೆಯನ್ನೇ ಹೇಳಲು ಕುಳಿತಿದ್ದೇನೆ.

ಮೊದಲು ಒಂದು ಮಾತು. ನಾನು ಹೇಳುವುದನ್ನೆಲ್ಲ ಹೇಳಿದ ಹಾಗೆಯೇ ನಂಬಬೇಡಿ. ನೆನಪು ಎರಡು ಊರಿನ ಸಾಮಾನನ್ನು ಒಂದೇ ಚೀಲಕ್ಕೆ ತುಂಬಿ ಮೇಲೆ ಚೆಂದದ ಗಂಟು ಹಾಕುತ್ತದೆ. ಗಂಟು ಎಲ್ಲಿ ತೀರಾ ಚೆಂದವಾಗಿದೆಯೋ ಅಲ್ಲಿ ನನಗೆ ಅನುಮಾನ ಬರುತ್ತದೆ. ಈ ಬರಹವನ್ನು ಹಿಂದೆ ಬರೆದು ಹರಿದಿದ್ದೇನೆ, ಏಕೆಂದರೆ ಅದರಲ್ಲಿ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ. ಈ ಸಲ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಬಡ್ತಿ, ವರ್ಗಾವಣೆಗಳ ವಿಷಯ ಬಿಟ್ಟುಬಿಡೋಣ. ಅವು ಎಲ್ಲರಿಗೂ ಆಗುತ್ತವೆ.

ನಮ್ಮ ಸ್ಟೇಶನ್ ಮಾಸ್ತರರು ರಾಮರಾಯರು. ಬಡಕಲು ಮೈ, ಉದ್ದ ಕೈ. ಸಿಟ್ಟು ಬಂದರೆ ಅವರ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಅರಕೇರಿಯ ಒಬ್ಬ ರೈತರು ಸೊಲ್ಲಾಪುರದ ಬೀಗರಿಗೆಂದು ಒಂದು ಬುಟ್ಟಿ ಕೋಳಿ ತಂದರು. ನಾನು ಬುಟ್ಟಿಯ ಬಾಯಿಗೆ ಬಿಗಿಯಾಗಿ ಹುರಿ ಸುತ್ತಿದೆ. ತಳ ನೋಡಲಿಲ್ಲ. ಗಾಡಿ ಬರುವ ಹೊತ್ತಿಗೆ ಕೋಳಿಗಳು ಸಾಲಾಗಿ ಮೇಲ್ದರ್ಜೆಯವರ ಕೋಣೆಗೆ ನಡೆದುಹೋಗಿದ್ದವು. ರಾಮರಾಯರು ಬಾಗಿಲಲ್ಲಿ ನಿಂತು ನೋಡಿದರು, ಆಮೇಲೆ ನನಗೆ ಮಾತ್ರ ಕೇಳುವಂತೆ, "ಟಿಕೀಟ ಕೇಳ್ರಿ ಅವಕ್ಕ," ಎಂದರು. ಅಂದಿನಿಂದ ನಾನು ಯಾವ ಬುಟ್ಟಿ ಬಂದರೂ ಮೊದಲು ಬೋರಲು ಹಾಕಿ ನೋಡುತ್ತೇನೆ. ನೀವೂ ನೋಡಿ.

ಯುದ್ಧ ನಮ್ಮೂರಿಗೆ ಗುಂಡಿನ ರೂಪದಲ್ಲಿ ಬರಲಿಲ್ಲ. ಚಿಮಣಿ ಎಣ್ಣೆ ಸಿಗಲಿಲ್ಲ, ಬಟ್ಟೆ ಸಿಗಲಿಲ್ಲ, ಪೆಟ್ರೋಲು ಸಿಗದೆ ತಿಕೋಟಾದ ಬಸ್ಸಿನ ಹಿಂದೆ, ಅದನ್ನು ಇದ್ದಿಲ ಅನಿಲದಿಂದ ಓಡಿಸುವ ಒಲೆ ಬಂತು. ಆ ಬಸ್ಸು ಏರು ಬಂದಲ್ಲೆಲ್ಲ ಮುದುಕನಂತೆ ನಿಂತು ಏದುಸಿರು ಬಿಡುತ್ತಿತ್ತು. ಅದರಲ್ಲೇ ಕುಳಿತು ತಿಕೋಟಾ, ಹೊನವಾಡ, ಬಬಲೇಶ್ವರದ ಕಡೆಯ ಹುಡುಗರು ಬಂದರು, ನಮ್ಮ ಸ್ಟೇಶನ್ನಿನಿಂದ ರೈಲು ಹತ್ತಿ ದಂಡಿಗೆ ಹೋದರು. ಕೆಲವರು ಬರ್ಮಾಕ್ಕೆ, ಕೆಲವರು ಇಜಿಪ್ತಕ್ಕೆ. ಇಜಿಪ್ತ ಎಲ್ಲಿದೆ ಎಂದು ಹಳ್ಳಿಯವರು ನನ್ನನ್ನು ಕೇಳುತ್ತಿದ್ದರು. ರೈಲಿನವನಿಗೆ ಎಲ್ಲ ಊರೂ ಗೊತ್ತು ಎಂದು ಅವರ ನಂಬಿಕೆ. ಹೊಟಗಿ ದಾಟಿ, ಮುಂಬಯಿ ದಾಟಿ, ನೀರು ದಾಟಿ ಎಂದು ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ತಿಳಿಯದು.

ಹೊರದೇಶದಲ್ಲಿರುವ ಸಿಪಾಯಿಗಳಿಗೆ ಊರಿನವರು ಏನಾದರೂ ಕಳಿಸಬೇಕೆಂದು ಸರಕಾರದವರು ಹೇಳಿದರು. ಈಗ ಗಾಂಧಿ ಚೌಕ ಎನ್ನುತ್ತೇವಲ್ಲ, ಆಗ ಅದಕ್ಕೆ ಬೇರೆ ಹೆಸರಿರಬೇಕು, ನನ್ನ ನೆನಪಿನಲ್ಲಿ ಮಾತ್ರ ಅದು ಮೊದಲಿನಿಂದಲೂ ಗಾಂಧಿ ಚೌಕವೇ. ಅಲ್ಲಿಯ ಅಂಗಡಿಯವರು ಬೀಡಿ ಕಟ್ಟು, ಸಾಬೂನು, ಕಾಲುಚೀಲ ಕೊಟ್ಟರು. ತಿಕೋಟಾದ ಗೌಡರ ಮನೆಯ ಹಿರಿಯ ಹೆಣ್ಣುಮಗಳು ಶಿವಬಸವ್ವ ಇದನ್ನು ಕೇಳಿ ನಕ್ಕರಂತೆ. ಆಕೆಯ ಅಳಿಯನೂ ದಂಡಿನಲ್ಲಿದ್ದ.

"ಬೀಡಿ ಸೇದಿದ್ರ ಹೊಟ್ಟಿ ತುಂಬತೈತೇನು? ಬುತ್ತಿ ಕಟ್ಟೂಣು. ಊರ ಬಿಟ್ಟು ಹ್ವಾದವರಿಗೆ ಬುತ್ತಿ ಇಲ್ಲಂದ್ರ ಮಾನ ಹೋತು ನಮ್ಮದು."

ನಮ್ಮ ಕಡೆ ಹಾಗೆಯೇ. ಪಕ್ಕದ ಹಳ್ಳಿಗೆ ಹೊರಟರೂ ಕೈಯಲ್ಲಿ ರೊಟ್ಟಿಯ ಗಂಟು ಇರಬೇಕು. ಖಡಕ್ ರೊಟ್ಟಿ, ಎಂದರೆ ತೆಳ್ಳಗೆ ಬಡಿದು, ಸುಟ್ಟು, ಒಲೆಯ ಪಕ್ಕ ಆನಿಸಿಟ್ಟು ಹಪ್ಪಳದಂತೆ ಒಣಗಿಸಿದ ಜೋಳದ ರೊಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಇಜಿಪ್ತಕ್ಕೆ ಹೋಗಲು ತಕ್ಕ ಊಟ ಅದೊಂದೇ. ನಾನು ತಿಕೋಟಾಕ್ಕೆ ಹೋಗಿ ಶಾಲೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಹೇಳಿದೆ: ಒಣ ಸಾಮಾನು ಮಾತ್ರ. ರೊಟ್ಟಿ, ಶೇಂಗಾ ಹಿಂಡಿ ಎಂಬ ಒಣ ಚಟ್ನಿಪುಡಿ, ಅಷ್ಟೇ. ಮೊಸರು ಬೇಡ, ಪಲ್ಯ ಬೇಡ, ಹಸಿ ಮೆಣಸಿನಕಾಯಿ ಬೇಡ. ಎಲ್ಲರೂ ತಲೆದೂಗಿದರು. ವನಸ್ಪತಿಯ ಖಾಲಿ ಡಬ್ಬಿಗಳನ್ನು ಬೂದಿ ಹಚ್ಚಿ ತಿಕ್ಕಿ, ತುಂಬಿ, ಬಸ್ಸಿನಲ್ಲಿ ಹೇರಿ ಕಳಿಸಿದರು. ಚೌಕದ ಡಬ್ಬಿ ಮಾಡುವವ ಬಾಯಿಗೆ ತಗಡು ಕೂರಿಸಿ ಗಾಳಿ ಹೋಗದಂತೆ ಬೆಸುಗೆ ಹಾಕಿದ. ಮೇಲೆ ಗೋಣಿತಟ್ಟು ಹೊಲಿದು ನಾನು ಅರಗಿನ ಮುದ್ರೆ ಒತ್ತಿದೆ. ಕೆಲಸ ಚೆನ್ನಾಗಿ ಮಾಡಿದೆವೆಂದು ಎಲ್ಲರಿಗೂ ಹೆಮ್ಮೆ.

ಒಂದು ಡಬ್ಬಿ ತಿರುಗಿ ಬಂತು. ಉಳಿದವು ಮುಂಬಯಿಯ ಗೋದಾಮಿನಲ್ಲಿ ಹಡಗಿಗೆ ಕಾಯುತ್ತ ಕಾಯುತ್ತ ಉಬ್ಬಿ, ಬೆಸುಗೆ ಬಿಟ್ಟು, ಪಕ್ಕದ ಜಿಲ್ಲೆಗಳ ಕಾಲುಚೀಲಗಳನ್ನೂ ಹಾಳುಮಾಡಿದ್ದವು. ಇನ್ನು ನಿಮ್ಮ ಸ್ಟೇಶನ್ನಿನಿಂದ ತಿನ್ನುವ ಪದಾರ್ಥ ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿಂದ ಹೇಳಿಕಳಿಸಿದ್ದರು. ತಿರುಗಿ ಬಂದ ಡಬ್ಬಿ ಗುಡಾಣದಂತೆ ಉಬ್ಬಿತ್ತು. ಅದನ್ನು ಕೋಣೆಯೊಳಗೆ ಒಡೆದದ್ದು ನನ್ನ ದಡ್ಡತನ. ಹಮಾಲರು ಹೊರಗೆ ಓಡಿದರು. ರಾಮರಾಯರು ಮೂಗಿಗೆ ಧೋತರದ ಚುಂಗು ಹಿಡಿದು ಬಂದು ಬಗ್ಗಿ ನೋಡಿದರು.

"ಏನಿದು?"

"ಉಳ್ಳಾಗಡ್ಡೀರಿ," ಎಂದೆ. ಈರುಳ್ಳಿ, ಕೊಳೆತು ನೀರಾದದ್ದು.

"ಒಣ ಸಾಮಾನ ಅಂದಿದ್ರಲ್ಲ."

"ಅಂದಿದ್ನಿರಿ."

"ಹೋಗಿ ಕೇಳಿ ಬರ್ರಿ," ಎಂದರು, ಧ್ವನಿ ಕೇಳಿಸದಷ್ಟು ಇಳಿದಿತ್ತು. "ಬರೂವಾಗ ಅರಿವಿ ತೊಳಕೊಂಡು ಬರ್ರಿ."

ತಿಕೋಟಾದಲ್ಲಿ ಅದೇ ಪಡಸಾಲೆ, ಅದೇ ಹೆಂಗಸರು. ನನ್ನ ಮುಖ ನೋಡಿದ ಕೂಡಲೇ ಶಿವಬಸವ್ವ, "ಯಾಕ್ರೀ ಬಾಬೂ, ಮಾರಿ ಸಣ್ಣ ಮಾಡೀರಿ? ಹುಡುಗ್ರು ಆರಾಮ ಅದಾರಿಲ್ಲೋ?" ಎಂದರು.

"ಹುಡುಗ್ರಿಗೆ ರೊಟ್ಟಿ ಮುಟ್ಟೇ ಇಲ್ರೀ. ಡಬ್ಬಿ ಕೊಳತು ಒಡದಾವ. ಒಳಗ ಉಳ್ಳಾಗಡ್ಡಿ ಇದ್ದುವು."

"ಯಾರ ಹಾಕಿದ್ರವ್ವಾ?" ಎಂದು ಶಿವಬಸವ್ವ ಸುತ್ತ ನೋಡಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂಲೆಯಲ್ಲಿದ್ದ ಒಬ್ಬ ಹೊಸ ಸೊಸೆ ಸೆರಗು ಬಾಯಿಗೆ ಹಿಡಿದು, "ನಾ ಒಂದ ಹಾಕಿದ್ದೆ. ಸಣ್ಣದು," ಎಂದಳು. ಆಕೆಯ ಅತ್ತೆ, "ನಾನೂ ಒಂದ ಹಾಕಿದ್ನೆಲ್ಲ, ನೀ ಯಾಕ ಹಾಕಾಕ ಹೋದಿ?" ಎಂದಳು. ಇನ್ನೊಬ್ಬಳು ತಾನೂ ಎಂದಳು, ಮತ್ತೊಬ್ಬಳು ತಾನೂ ಎಂದಳು. ಪ್ರತಿಯೊಬ್ಬಳೂ ತಾನೊಬ್ಬಳೇ ಕದ್ದು ಹಾಕಿದ್ದೇನೆ, ಒಂದರಿಂದ ಏನಾದೀತು ಎಂದುಕೊಂಡಿದ್ದಳು. ಕೊನೆಗೆ ಎಲ್ಲರೂ ಶಿವಬಸವ್ವನನ್ನು ನೋಡಿದರು.

"ನಾ ಎರಡ ಹಾಕಿದ್ದೆ," ಎಂದರು ಆಕೆ.

"ಒಣ ಸಾಮಾನಷ್ಟ ಅಂತ ಹೇಳಿದ್ನೆಲ್ರೀ ಯವ್ವಾ."

"ಹೇಳಿದ್ರಿ, ಖರೇನ. ಮೊಸರ ಬ್ಯಾಡ ಅಂದ್ರಿ, ಹಾಕಲಿಲ್ಲ. ಪಲ್ಯ ಬ್ಯಾಡ ಅಂದ್ರಿ, ಹಾಕಲಿಲ್ಲ. ಉಳ್ಳಾಗಡ್ಡಿ ಬ್ಯಾಡ ಅಂತ ಎಲ್ಲಿ ಅಂದ್ರಿ? ಅದು ಇಲ್ಲದ ರೊಟ್ಟಿ ಯಾರ್ ತಿಂತಾರ? ದನಾ ತಿಂತಾವು."

ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಅದೇ ನೆಲದ ಊಟ ಉಂಡವನು, ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಹೊಸಬರಿಗೆ ನನ್ನ ಸಲಹೆ ಇದು: ಏನು ಹಾಕಬಾರದು ಎಂದು ಹೇಳುವಾಗ, ಹೇಳಲೇಬೇಕಿಲ್ಲ ಎನ್ನಿಸುವಂಥದ್ದನ್ನೇ ಮೊದಲು ಹೇಳಿ.

ಅದು ಚಳವಳಿಯ ಕಾಲವೂ ಹೌದು. ನನ್ನ ತಮ್ಮ ಶ್ರೀಶೈಲ ಶಾಲೆ ಬಿಟ್ಟು ಖಾದಿ ತೊಟ್ಟು ಮುಂಜಾನೆಯ ಮೆರವಣಿಗೆಗಳಲ್ಲಿ ತಿರುಗುತ್ತಿದ್ದ. ಒಂದು ದಿನ ಊಟಕ್ಕೆ ಕುಳಿತಾಗ, "ಬಿಳಿಯರ ಪಗಾರ ತಿನ್ನೋರಿಗೆ ರೊಟ್ಟಿ ಕಟ್ಟಾಕತ್ತೀಯಲ್ಲ ಅಣ್ಣಾ, ನಾಚಿಕಿ ಬರಂಗಿಲ್ಲೇನು?" ಎಂದ.

"ನಾ ಯಾರ ಪಗಾರ ತಿನ್ನಾಕತ್ತೇನಲೇ? ನೀ ಉಣ್ಣಾಕತ್ತೀಯಲ್ಲ, ಅದ್ಯಾರದು?"

ಅವನು ತಲೆ ತಗ್ಗಿಸಿ ಉಂಡು ಎದ್ದ. ಆ ದಿನ ನಾನು ಗೆದ್ದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಅವನ ಪ್ರಶ್ನೆ ನನ್ನೊಳಗೂ ಇತ್ತು. ದೂರದ ಮರಳಿನಲ್ಲಿ ಯಾರದೋ ಯುದ್ಧಕ್ಕೆ ಎದೆಕೊಟ್ಟು ನಿಂತ ನಮ್ಮ ಹುಡುಗರಿಗೆ ನಾನು ಯಾತಕ್ಕೆ ಕೃತಜ್ಞನಾಗಿರಬೇಕು? ಸರಕಾರದ ಭಿತ್ತಿಪತ್ರದಲ್ಲಿ ಬರೆದ ಕಾರಣ ನನಗೆ ರುಚಿಸುತ್ತಿರಲಿಲ್ಲ. ಆದರೂ ರೈಲು ಹೊರಟಾಗ ಕಿಟಕಿಯಲ್ಲಿ ಅವರು ತೋರಿಸುತ್ತಿದ್ದ ಸುಳ್ಳು ನಗು ನೋಡಿದರೆ ಗಾಡಿ ಕಣ್ಮರೆಯಾಗುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಡುತ್ತಿದ್ದೆ. ಮನೆಯ ಹೊಟ್ಟೆಗೆಂದು ಹೋದರು, ಹೋದಲ್ಲಿ ಕೆಲಸ ಬಿಟ್ಟು ಓಡಿ ಬರಲಿಲ್ಲ. ಅದಕ್ಕೇ ಇರಬೇಕು. ಇವತ್ತಿಗೂ ನನಗೆ ಅದಕ್ಕಿಂತ ಒಳ್ಳೆಯ ಕಾರಣ ಸಿಕ್ಕಿಲ್ಲ, ಬೇಕೆಂದೂ ಅನ್ನಿಸಿಲ್ಲ.

ಮಳೆ ಬರುತ್ತಿದ್ದ ಒಂದು ಮಧ್ಯಾಹ್ನ ರಾಚಪ್ಪ ಬಂದ. ಇಲ್ಲ, ಮಳೆ ಇರಲಾರದು, ಅವನ ಬೂಟಿನ ತುಂಬ ಧೂಳಿತ್ತು. ರಾಚಪ್ಪ ಬಬಲೇಶ್ವರದವನು, ದಂಡಿನಲ್ಲಿ ಲಾರಿ ಓಡಿಸುತ್ತಿದ್ದ, ಇಜಿಪ್ತದಿಂದ ರಜೆಯ ಮೇಲೆ ಬಂದಿದ್ದ. ಪಾರ್ಸೆಲ್ ಕಿಟಕಿಗೆ ಮೊಣಕೈ ಊರಿ, "ಬೀಡಿ ಬಂದ್ವು, ಸಾಬೂನ ಬಂತು. ತಿಕೋಟಾದ ರೊಟ್ಟಿ ಬರತಾವ ಅಂತ ಕೇಳಿ ಬಾಯಿ ತಕ್ಕೊಂಡು ಕುಂತಿದ್ವಿ. ಎಲ್ಲಿ ಹ್ವಾದವ್ರೀ?" ಎಂದ. ಉಳ್ಳಾಗಡ್ಡಿಯ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಸುದ್ದಿ ಹೇಳಿದ. ಹೊನವಾಡದ ಭೀಮಶಿ ಗಾಯವಾಗಿ ಅಲ್ಲಿಯ ಆಸ್ಪತ್ರೆಯಲ್ಲಿದ್ದಾನೆ. ತಾನು ಕಣ್ಣಾರೆ ನೋಡಿಲ್ಲ, ಇನ್ನೊಬ್ಬ ಡ್ರೈವರನಿಂದ ಕೇಳಿದ್ದು. ಊಟ ಬಿಟ್ಟಿದ್ದಾನಂತೆ. ತಾಟು ಮುಂದಿಟ್ಟರೆ ಮುಖ ತಿರುಗಿಸುತ್ತಾನಂತೆ.

"ಅವರವ್ವಗ ಹೇಳಿದ್ಯಾ?"

"ಹೇಳಿ ಬಂದೇನಿ. ಹೇಳಬಾರದಿತ್ತೇನೋ."

ಮರುದಿನ ಆ ತಾಯಿಯೇ ಬಂದಳು. ಯಲ್ಲವ್ವ, ಹೊನವಾಡದ ಹೊಲಗೇರಿಯವಳು, ಕೂಲಿ ಮಾಡಿ ಒಬ್ಬನೇ ಮಗನನ್ನು ಬೆಳೆಸಿದವಳು. ಕಿಟಕಿಯಿಂದ ಒಂದು ಮಾರು ದೂರ ನಿಂತೇ ಮಾತಾಡಿದಳು. ಹತ್ತಿರ ಬಾ ಎಂದು ನಾನು ಕರೆದೆನೋ ಇಲ್ಲವೋ ನೆನಪಿಲ್ಲ.

"ಅಲ್ಲೆ ಬರೇ ಅನ್ನ, ಗೋದಿ ರೊಟ್ಟಿ ಕೊಡ್ತಾರಂತ್ರೀ ಬಾಬೂ. ಜ್ವಾಳ ತಿಂದ ಹೊಟ್ಟಿ ಅದು. ಹೆಂಗ ಇಳದೀತು? ನನ್ನ ಕೈಯಾನ ನಾಕ ರೊಟ್ಟಿ ಮುಟ್ಟಿದ್ರ ಎದ್ದ ಕುಂಡ್ರತಾನ. ನೀವು ಕಳಸ್ತೀರಂತ ಕೇಳೇನಿ."

ಊಟ ಬಿಟ್ಟವನಿಗೆ ಬೇಕಾದದ್ದು ರೊಟ್ಟಿ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ನನಗೂ, ರಾಚಪ್ಪನಿಗೂ, ತಿಕೋಟಾದ ಹೆಂಗಸರಿಗೂ. ಗಾಯ ಎಲ್ಲಿ ಆಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಗೋದಾಮಿನವರು ನಮ್ಮ ಡಬ್ಬಿ ಮುಟ್ಟುವುದಿಲ್ಲ. ಉಳಿದದ್ದು ಒಂದೇ ದಾರಿ. ರಜೆ ಮುಗಿಸಿ ಹಡಗು ಹತ್ತುವ ರಾಚಪ್ಪ ತನ್ನ ಸ್ವಂತ ಸಾಮಾನೆಂದು ಒಂದು ಡಬ್ಬಿ ಒಯ್ಯಬಹುದು. ಒಂದೇ. ಅವನು ಹೊರಡುವ ಮುನ್ನಾದಿನ ತಿಕೋಟಾದಲ್ಲಿ ತುಂಬುವುದೆಂದು ಗೊತ್ತಾಯಿತು.

ಈ ಸಲ ಒಡೆಯದಂತೆ ಕಟ್ಟುವುದು ನನ್ನ ಪಂತವಾಗಿತ್ತು. ಹೊಟಗಿಯಲ್ಲಿ ಸಣ್ಣ ಹಳಿಯಿಂದ ದೊಡ್ಡ ಹಳಿಗೆ ಗಾಡಿ ಬದಲಾಗುತ್ತದೆ, ಅಲ್ಲಿ ಒಗೆದಾಟದಲ್ಲಿ ಗಾಜಿನ ಬರಣಿಗಳೇ ಉಳಿಯುವುದಿಲ್ಲ. ಹುಲ್ಲು ತುಂಬಿದರೆ ರೊಟ್ಟಿಗೆ ಕಸ ಹತ್ತುತ್ತದೆ, ಅರಳೆ ಸಿಗುವುದಿಲ್ಲ. ಪಂಚಮಿ ಹಬ್ಬಕ್ಕೆ ಹುರಿದು ಅರಳಿಸುತ್ತಾರಲ್ಲ, ಜೋಳದ ಅಳ್ಳು, ಅದನ್ನು ಸಂದಿಗೆಲ್ಲ ತುಂಬಿರಿ ಎಂದು ಆ ಹೊಸ ಸೊಸೆ ಹೇಳಿದಳು. ಹಗುರ, ಒಣಗಿದ್ದು, ಮೆತ್ತಗಿನದು, ಮೇಲೆ ತಿನ್ನಲೂ ಬರುತ್ತದೆ. ಹಬ್ಬವಲ್ಲದ ದಿನ ಅಷ್ಟು ಅಳ್ಳು ಎಲ್ಲಿಂದ ತರುವುದೆಂದು ನಾನು ಮನೆಯಲ್ಲಿ ಗೊಣಗುತ್ತಿದ್ದೆ. ಮಾರನೆಯ ದಿನ ಶ್ರೀಶೈಲ ಚೌಕದ ಹುರಿಗಾಳಿನ ಅಂಗಡಿಯಿಂದ ಒಂದು ಚೀಲ ಅಳ್ಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದ.

"ಈಗ ನಾಚಿಕಿ ಎಲ್ಲಿ ಹೋತೋ?" ಎಂದೆ.

"ದಂಡಿಗೆ ನಾ ಕೊಡಾಕತ್ತಿಲ್ಲ," ಎಂದ. "ಆ ಮುದಕಿಗೆ ಕೊಡಾಕತ್ತೇನಿ. ರೊಟ್ಟಿ ಏನ ತಪ್ಪ ಮಾಡೈತಿ?"

ತಿಕೋಟಾದ ಪಡಸಾಲೆಯಲ್ಲಿ ಹೆಂಗಸರು ತಮ್ಮ ತಮ್ಮ ಹುಡುಗರ ಪಾಲಿನ ರೊಟ್ಟಿ ತಂದು ಕುಳಿತಿದ್ದರು. ಯಲ್ಲವ್ವ ಹೊನವಾಡದಿಂದ ನಡೆದುಕೊಂಡು ಬಂದು, ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲೇ ನಿಂತಳು. ಹಿಂದಿನ ಸಲ ಹೊಲಗೇರಿಯವರ ರೊಟ್ಟಿಗೆ ಬೇರೆ ಡಬ್ಬಿ ಇತ್ತು. ಹಾಗೆ ಇಡಬೇಕೆಂದು ಯಾರೂ ಹೇಳಿರಲಿಲ್ಲ, ಇಡಬಾರದೆಂದೂ ಹೇಳಿರಲಿಲ್ಲ. ಈಗ ಡಬ್ಬಿ ಒಂದೇ. ರಾಚಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಅಲ್ಲೆ ನಾವು ಡ್ರೈವರ್ಗೋಳು ಒಂದ ಬೋಗಾಣಿಯಾಗ ಕೈ ಹಾಕಿ ಉಣ್ತೀವ್ರೀ ಯವ್ವಾ," ಎಂದ ಶಿವಬಸವ್ವನಿಗೆ. "ನೀವು ಇಲ್ಲಿ ಬ್ಯಾರೆ ಕಟ್ಟಿದ್ರೂ ಅಲ್ಲಿ ಕೂಡಿಸಿ ತಿನ್ನಾವ್ರ ನಾವು."

ಮುಂದೆ ಶಿವಬಸವ್ವ ಏನೆಂದರು ಎಂಬುದು ನನ್ನಲ್ಲಿ ಎರಡು ಬಗೆಯಾಗಿ ಉಳಿದಿದೆ. ಒಂದರಲ್ಲಿ ಆಕೆ ಎದ್ದು ಅಂಗಳಕ್ಕಿಳಿದು, "ಬಾ ಯಲ್ಲವ್ವಾ, ನಿನ್ನ ಮಗ ಮಲಗ್ಯಾನ, ನಿನ್ನವ ತಳಕ್ಕಿರಲಿ," ಎನ್ನುತ್ತಾರೆ. ಇನ್ನೊಂದರಲ್ಲಿ ಏನೂ ಅನ್ನುವುದಿಲ್ಲ, ಸುಮ್ಮನೆ ಕೈ ಚಾಚಿ ಗಂಟು ಇಸಿದುಕೊಳ್ಳುತ್ತಾರೆ, ಮುಖ ಬಿಗಿದಿರುತ್ತದೆ. ಮೊದಲನೆಯದು ಚೆಂದ. ಎರಡನೆಯದು ನಿಜವಿರಬೇಕು. ಜನ ಅಂದು ಬದಲಾದರು ಎಂದು ಬರೆಯಲು ಆಸೆಯಾಗುತ್ತದೆ. ಡಬ್ಬಿ ಒಂದೇ ಇತ್ತು, ಅಷ್ಟು ಬರೆಯುತ್ತೇನೆ. ಯಲ್ಲವ್ವನ ರೊಟ್ಟಿ ತಳದಲ್ಲಿ ಕುಳಿತವು, ಅವುಗಳ ಮೇಲೆ ಗೌಡರ ಮನೆಯವು, ನಡುವೆ ಹಿಂಡಿ, ಸುತ್ತಲೂ ಅಳ್ಳು. ಉಳ್ಳಾಗಡ್ಡಿ ಇಲ್ಲವೆಂದು ಪ್ರತಿಯೊಬ್ಬಳ ಸೆರಗನ್ನೂ ಜಾಡಿಸಿ ನೋಡಿದವರು ಶಿವಬಸವ್ವನೇ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸು ಹತ್ತಿದೆ. ಏರಿನಲ್ಲಿ ಬಸ್ಸು ನಿಂತಿತು, ಎಲ್ಲರೂ ಇಳಿದು ನೂಕಲು ಹೋದರು, ನಾನು ಕುಳಿತೇ ಇದ್ದೆ.

"ಬಾಬೂ, ಗರ್ಭಿಣಿ ಅದೀರೇನ್ರೀ, ಇಳಿಯಾಕ ಆಗವಲ್ದು?" ಎಂದು ಹಿಂದಿನಿಂದ ಯಾರೋ ಕೂಗಿದರು.

ಡಬ್ಬಿ ಯಾರಿಗೆ ಎಂದು ಹೇಳಿದೆ. ಮತ್ತೆ ಯಾರೂ ತಮಾಷೆ ಮಾಡಲಿಲ್ಲ. ಮುಂದಿನ ದಾರಿಯಲ್ಲಿ ಡ್ರೈವರ ಒಂದೊಂದು ತೆಗ್ಗಿಗೂ ಬಸ್ಸನ್ನು ನಿಧಾನವಾಗಿ ಇಳಿಸಿದ. ಪಕ್ಕದಲ್ಲಿದ್ದ ಒಬ್ಬ ಮುದುಕರು ತಮ್ಮ ಕಂಬಳಿಯನ್ನು ಮಡಿಚಿ ಡಬ್ಬಿಯ ಕೆಳಗೆ ಕೊಟ್ಟರು. ಚೌಕದ ಡಬ್ಬಿಯವ ಹುಡುಗನ ಹೆಸರು ಕೇಳಿ, ಬೆಸುಗೆ ಆರಿದ ಮೇಲೆ ಮೊಳೆಯಿಂದ ತಗಡಿನ ಮೇಲೆ 'ಭೀಮಶಿ, ಹೊನವಾಡ' ಎಂದು ಕೊರೆದ. ನಾನು ಕೇಳಿರಲಿಲ್ಲ.

ರಾಮರಾಯರು ಪ್ಲಾಟ್‌ಫಾರ್ಮಿನ ಮೇಲೆ ಡಬ್ಬಿಯನ್ನು ಎತ್ತಿ, ಅಲುಗಾಡಿಸಿ, ಮೂಸಿ ನೋಡಿದರು.

"ಇದು ಪಾರ್ಸಲ್ ಅಲ್ಲ, ಸಿಪಾಯಿ ಕೈಸಾಮಾನ. ತೂಕ ಮಾಡಬ್ಯಾಡ್ರಿ," ಎಂದು ನನಗೆ ಹೇಳಿ, ರಾಚಪ್ಪನ ಕಡೆ ತಿರುಗಿದರು. "ಹೊಟಗಿಯೊಳಗ ಹಮಾಲರ ಕೈಯಾಗ ಕೊಡಬ್ಯಾಡಪಾ. ಹೋಗಿ ಬಾ. ನಮ್ಮವರಿಗೆಲ್ಲಾ ನಾವು ನೆನಸ್ತೀವಿ ಅಂತ ಹೇಳು." ಅವರ ಧ್ವನಿ ಇಳಿದಿತ್ತು. ಅದು ಸಿಟ್ಟಿನದಲ್ಲ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.

ಆಮೇಲೆ ಸುದ್ದಿಯೇ ಇಲ್ಲ. ರಾಚಪ್ಪನನ್ನು ಬೇರೆ ಕಡೆ ಕಳಿಸಿದ್ದರಂತೆ. ಭೀಮಶಿ ಬದುಕಿದ್ದಾನೆ ಎಂಬಷ್ಟು ಮಾತ್ರ ಸರಕಾರದಿಂದ ತಿಳಿಯುತ್ತಿತ್ತು. ಯಲ್ಲವ್ವ ವಿಜಾಪುರದ ಸಂತೆಗೆ ಬಂದಾಗಲೆಲ್ಲ ಸ್ಟೇಶನ್ನಿಗೆ ಬಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದಳು. ಅದೇ ಮಾತು.

"ಮುಟ್ಟಿತೇನ್ರೀ?"

"ಮುಟ್ಟಿರಬೇಕವ್ವಾ."

"ತಿಂದಾನೇನ್ರೀ?"

ಇದಕ್ಕೆ ನಾನು ಏನು ಹೇಳುವುದು? ಪಾರ್ಸೆಲ್ ಬಾಬುವಿನ ಕೆಲಸ ಮುಟ್ಟಿತೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತದೆ. ಆಕೆಯ ಪ್ರಶ್ನೆ ಅಲ್ಲಿಂದ ಶುರುವಾಗುತ್ತಿತ್ತು. ಮಗ ತನ್ನ ಕೈಯ ರೊಟ್ಟಿ ತಿಂದಿದ್ದರೆ ಬದುಕಿ ಬರುತ್ತಾನೆ, ತಿನ್ನದಿದ್ದರೆ ಸರಕಾರ ಏನು ಹೇಳಿದರೂ ಸುಳ್ಳು ಎಂದು ಆಕೆ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದಳು. ಕೆಲವೊಮ್ಮೆ ಆಕೆ ದೂರದಿಂದ ಬರುವುದನ್ನು ಕಂಡು ನಾನು ಗೋಣಿಚೀಲಗಳ ಹಿಂದೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಯುದ್ಧ ಮುಗಿದು ಕೆಲಕಾಲವಾದ ಮೇಲೆ ಒಂದು ಬೆಳಿಗ್ಗೆ ಹೊಟಗಿಯ ಗಾಡಿಯಿಂದ ಇಳಿದ ಒಬ್ಬ ಎತ್ತರದ ಸಿಪಾಯಿ ಸೀದಾ ನನ್ನ ಕಿಟಕಿಗೆ ಬಂದ. ಬೇಸಿಗೆಯಲ್ಲೂ ಮುಖದ ಕೆಳಭಾಗಕ್ಕೆ ಮಫ್ಲರ್ ಸುತ್ತಿದ್ದ. ಮಾತು ಹಲ್ಲುಗಳ ನಡುವೆ ಸಿಕ್ಕಿಕೊಂಡಂತೆ ಬರುತ್ತಿತ್ತು.

"ರೊಟ್ಟಿ ಕಟ್ಟಿದ ಬಾಬು ನೀವ ಏನ್ರೀ? ನಾ ಭೀಮಶಿ."

ಅವನು ಬಂದರೆ ಹೇಳಬೇಕೆಂದು ನಾನು ಒಂದು ಮಾತು ಸಿದ್ಧಮಾಡಿಟ್ಟುಕೊಂಡಿದ್ದೆ. ನೀವು ಅಲ್ಲಿ ನಿಂತಿರಿ, ನಿಮ್ಮ ಋಣ ನಮ್ಮ ಮೇಲಿದೆ, ಎಂಬಂಥದ್ದು. ಅದೊಂದೂ ನಾಲಗೆಗೆ ಬರಲಿಲ್ಲ. ಬಂದದ್ದು ಕಿಟಕಿಯ ಮಾತು.

"ಮುಟ್ಟಿದ್ವೇನಪಾ?"

"ಡಬ್ಬಿ ಮುಟ್ಟಿತು. ರೊಟ್ಟಿ ಒಂದೂ ಇರಲಿಲ್ರೀ. ಎಲ್ಲಾ ಪುಡಿ. ಹಡಗದಾಗ ಅದರ ಮ್ಯಾಲ ಕುಂತು ಬಂದಾರ, ಆಮ್ಯಾಲ ಲಾರಿಯಾಗ ಮರಳಿನ ದಾರಿ. ರೊಟ್ಟಿ ಯಾವುದು, ಅಳ್ಳ ಯಾವುದು, ಹಿಂಡಿ ಯಾವುದು ತಿಳೀಲಿಲ್ಲ."

ನನ್ನ ಮುಖ ಇಳಿದಿರಬೇಕು. ಅವನು ಮಫ್ಲರ್ ಕೆಳಗೆ ಸರಿಸಿದ. ದವಡೆಯ ಒಂದು ಕಡೆ ಎಲುಬು ಒಳಸರಿದು, ಚರ್ಮ ಎಳೆದು ಹೊಲಿದಂತಿತ್ತು.

"ಗುಂಡ ಇಲ್ಲೆ ಬಿದ್ದಿತ್ರೀ. ಹಲ್ಲಿಗೆ ತಂತಿ ಬಿಗದಿದ್ರು. ಉಣ್ಣಾಕ ಒಲ್ಲ ಅಂದಾನ ಅಂತ ರಾಚಪ್ಪ ಹೇಳಿದ್ನಂತಲ್ಲ. ಒಲ್ಲ ಅನ್ನಾಕ ಬಾಯಿ ಎಲ್ಲಿತ್ತು? ನಿಮ್ಮ ರೊಟ್ಟಿ ಇಡೀವು ಬಂದಿದ್ರ ನಾ ಅವನ್ನ ನೋಡಕೋತ ಅಳತಿದ್ದೆ." ಅವನು ನಕ್ಕ, ಅರ್ಧ ಮುಖದಲ್ಲಿ. "ಸಿಸ್ಟರ್ ಬಾಯಿ ಆ ಪುಡಿ ಹಾಲಾಗ ಕಲಸಿ ಚಮಚದಾಗ ಹಲ್ಲಿನ ಸಂದಿಗುಂಟ ಬಿಡತಿದ್ದಳು. ಬಾಜೂ ಕಾಟಿನ ಪಂಜಾಬಿನವ ಇದ್ಯಾವ ಔಷಧ ಅಂತ ಕೇಳಿದ. ನಮ್ಮವ್ವಂದು ಅಂದೆ. ಅವಗೂ ಒಂದ ಮುಟಿಗಿ ಕೊಟ್ಟೆ. ಎಲ್ಲಾರಿಗೂ ಕೊಟ್ಟೆ. ತಳದಾಗಿನದು ಅಷ್ಟ ನನಗ ಇಟಗೊಂಡೆ."

ತಳದಲ್ಲಿ ಅವನ ತಾಯಿಯ ರೊಟ್ಟಿ ಇದ್ದದ್ದು ಅವನಿಗೆ ಗೊತ್ತಿತ್ತೇ? ಕೇಳಬೇಕಿತ್ತು. ಕೇಳಲಿಲ್ಲ.

"ನಿಮಗ ಹೇಳಿ ಹೋಗಬೇಕಂತ ಮೊದಲ ಇಲ್ಲಿಗೆ ಬಂದೆ," ಎಂದು ಎರಡೂ ಕೈ ಜೋಡಿಸಿದ. ಯಾರು ಯಾರಿಗೆ ಕೈ ಮುಗಿಯಬೇಕಿತ್ತೋ ಅದು ತಲೆಕೆಳಗಾಯಿತು. ನಾನು ಕಿಟಕಿಯಾಚೆ ಕೈ ಚಾಚಿ ಅವನ ಕೈ ಹಿಡಿದುಕೊಂಡೆ, ಅಷ್ಟೇ ನನ್ನಿಂದ ಆದದ್ದು. "ಒಂದ ಮಾತ್ರೀ. ಅವ್ವಗ ಪುಡಿ ಆಗಿದ್ವು ಅಂತ ಹೇಳಬ್ಯಾಡ್ರಿ. ಇಡೀವು ಬಂದಿದ್ವು, ಕಟಮ್ ಕಟಮ್ ತಿಂದೆ ಅಂತೇನಿ. ದವಡಿ ಸುದ್ದೀನೂ ಈಗ ಬ್ಯಾಡ."

ರಾಮರಾಯರಿಗೆ ಹೇಳಿ ರಜೆ ಹಾಕಿ ಅವನ ಜೊತೆ ಹೊನವಾಡಕ್ಕೆ ಹೋದೆ. ಅವನಿಗೆ ದಾರಿ ಗೊತ್ತಿರಲಿಲ್ಲವೇ? ಹೋಗಬೇಕೆನ್ನಿಸಿತು, ಹೋದೆ. ಕೇರಿಯ ಜನರೆಲ್ಲ ಯಲ್ಲವ್ವನ ಮನೆಯ ಮುಂದೆ ಸೇರಿದ್ದರು. ಆಕೆ ಅಳಲಿಲ್ಲ. ಮಗನ ಕೈ, ತೋಳು, ಬೆನ್ನು ಮುಟ್ಟಿ ನೋಡಿ ಒಲೆ ಹೊತ್ತಿಸಿದಳು. ನಾನು ಒಳಗೆ ಬಂದು ಚಾಪೆಯ ಮೇಲೆ ಕುಳಿತಾಗ ಒಂದು ಕ್ಷಣ ಬಾಗಿಲ ಕಡೆ ನೋಡಿದಳು, ಆಮೇಲೆ ಎರಡು ತಾಟು ತೊಳೆದಳು.

ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಇಟ್ಟಳು. ನಾನು ಮುರಿದು ತಿಂದೆ. ಭೀಮಶಿ ಮಾತಾಡುತ್ತಲೇ ಇದ್ದ. ಹಡಗು, ಒಂಟೆ, ಗುಡ್ಡದಷ್ಟು ದೊಡ್ಡ ಕಲ್ಲಿನ ಗೋಪುರಗಳು. ನೀ ಕಳಿಸಿದ ರೊಟ್ಟಿ ಒಂದೂ ಮುರಿದಿರಲಿಲ್ಲ ಬೇ, ಎಲ್ಲಾ ನಾನೇ ತಿಂದೆ ಎಂದ. ಮಾತಿನ ನಡುವೆ ಮಫ್ಲರಿನ ಅಂಚು ಸರಿಸಿ ಒಂದು ಚೂರು ಮುರಿದು ಬಾಯಿಗಿಟ್ಟ. ಅದು ಅಲ್ಲೇ ಉಳಿಯಿತು. ದವಡೆ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಯಲ್ಲವ್ವ ಮಗನನ್ನು ನೋಡಿದಳು. ಎದ್ದು ಬಂದು ಮಫ್ಲರನ್ನು ಮೆಲ್ಲಗೆ ಬಿಚ್ಚಿದಳು, ಗಾಯದ ಮೇಲೆ ಅಂಗೈ ಇಟ್ಟಳು. ಅವನ ತಾಟಿನ ರೊಟ್ಟಿಯನ್ನು ಎತ್ತಿಕೊಂಡು ಒಂದು ಬೋಗಾಣಿಯಲ್ಲಿ ಬೆರಳುಗಳಿಂದ ಸಣ್ಣಗೆ ಸಣ್ಣಗೆ ಹಿಸುಕುತ್ತ ಕುಳಿತಳು. ಹಾಲು ಸುರಿಯುವ ಮುಂಚೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಬಾಬೂ, ನೀವು ಖರೆ ಹೇಳ್ರಿ. ಅಲ್ಲೀಮಟಾ ರೊಟ್ಟಿ ಇಡೀವು ಹೋಗಿದ್ವೇನು?"

ಭೀಮಶಿ ಬೇಡವೆಂದು ಕಣ್ಣಲ್ಲೇ ಹೇಳಿದ. ಆಕೆಯ ಕೈ ಬೋಗಾಣಿಯಲ್ಲಿ ಕಾಯುತ್ತಿತ್ತು.

"ಇಲ್ಲವ್ವಾ," ಎಂದೆ. "ಪೂರಾ ಪುಡಿ ಆಗಿದ್ವಂತ."

ಯಲ್ಲವ್ವ ಎಷ್ಟೋ ಕಾಲದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.

"ಹಂಗಾರ ತಿಂದಾನ," ಎಂದು ಹಾಲು ಸುರಿದಳು.